ಒಂದು ಸ್ವಿಚ್ಚಿಗಾಗಿ ನಿಲ್ಲುವ ಲಾರಿ

ಸರಕು ಸಾಗಣೆ ಉದ್ಯಮದ ಕಷ್ಟಸುಖಗಳ ಪ್ರಸ್ತಾಪ ಬಂದಾಗಲೆಲ್ಲ ಡೀಸೆಲ್ ದರ, ಟೋಲ್ ಶುಲ್ಕ ಮತ್ತು ವಿಮಾ ಕಂತುಗಳ ಚರ್ಚೆಯೇ ಮುನ್ನೆಲೆಗೆ ಬರುವುದು ವಾಡಿಕೆ. ಅವು ಚರ್ಚಾರ್ಹ ವಿಷಯಗಳೇ ಆಗಿದ್ದರೂ, ಅವುಗಳ ಮೇಲೆ ಲಾರಿ ಮಾಲೀಕನಿಗಾಗಲಿ ಸರಕು ಕಳುಹಿಸುವ ವರ್ತಕನಿಗಾಗಲಿ ನೇರವಾದ ಹಿಡಿತವಿಲ್ಲ. ಹಿಡಿತಕ್ಕೆ ಸಿಗಬಹುದಾದ, ಆದರೆ ನಾವು ಯಾರೂ ಲೆಕ್ಕ ಇಡದ ನಷ್ಟವೊಂದಿದೆ. ಅದು ಕೆಲವು ನೂರು ರೂಪಾಯಿ ಬೆಲೆಯ ಬಿಡಿಭಾಗವೊಂದು ಕೆಟ್ಟು, ಲಕ್ಷಾಂತರ ರೂಪಾಯಿಯ ವಾಹನವೂ ಅದರ ಮೇಲಿನ ಸರಕೂ ಹೆದ್ದಾರಿಯ ಬದಿಯಲ್ಲಿ ದಿನಗಟ್ಟಲೆ ನಿಲ್ಲುವುದರಿಂದ ಆಗುವ ನಷ್ಟ. ಗಿಯರ್ ಪೆಟ್ಟಿಗೆಯ ಮೇಲಿರುವ ನ್ಯೂಟ್ರಲ್ ಸ್ವಿಚ್ಚನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಂಡು ನನ್ನ ಅಭಿಪ್ರಾಯವನ್ನು ಸದಸ್ಯರ ಮುಂದಿಡಲು ಬಯಸುತ್ತೇನೆ.

ಯಂತ್ರವಿದ್ಯೆಯ ಪರಿಚಯವಿಲ್ಲದ ವರ್ತಕ ಬಾಂಧವರಿಗಾಗಿ ಈ ಸ್ವಿಚ್ಚಿನ ಸ್ವರೂಪವನ್ನು ಸ್ವಲ್ಪ ವಿವರಿಸಬೇಕಾಗಿದೆ. ನೋಡಲು ಅದು ಹೆಬ್ಬೆರಳಿನ ಗಾತ್ರದ, ಮರೆಯುಳ್ಳ ಒಂದು ಲೋಹದ ತುಂಡು. ಗಿಯರ್ ಪೆಟ್ಟಿಗೆಯ ಮೇಲ್ಮುಚ್ಚಳಕ್ಕೆ ಅದನ್ನು ತಿರುಗಿಸಿ ಕೂರಿಸಿರುತ್ತಾರೆ. ಅದರ ಒಳತುದಿಯಲ್ಲಿ ಸ್ಪ್ರಿಂಗಿನ ಬಲದಿಂದ ಒಳಹೊರಗೆ ಚಲಿಸುವ ಗುಂಡು ತಲೆಯ ಕಡ್ಡಿಯೊಂದಿರುತ್ತದೆ. ಚಾಲಕನು ಗಿಯರ್ ಸನ್ನೆಯನ್ನು ಸರಿಸಿದಂತೆ ಒಳಗಿನ ದಂಡವು ಸರಿಯುತ್ತದೆ; ದಂಡದಲ್ಲಿ ಕೊರೆದಿರುವ ತಗ್ಗು ಕಡ್ಡಿಯ ಎದುರಿಗೆ ಬಂದಾಗ ಕಡ್ಡಿ ಹೊರಚಾಚುತ್ತದೆ, ತಗ್ಗು ಜಾರಿದಾಗ ಒಳಕ್ಕೆ ಒತ್ತಲ್ಪಡುತ್ತದೆ. ಈ ಚಲನೆಯಿಂದ ವಿದ್ಯುತ್ ಮಂಡಲವೊಂದು ತೆರೆದುಕೊಳ್ಳುತ್ತದೆ ಅಥವಾ ಮುಚ್ಚಿಕೊಳ್ಳುತ್ತದೆ. ಇಷ್ಟೇ ಅದರ ಕೆಲಸ. ರಿವರ್ಸ್ ದೀಪವನ್ನು ಬೆಳಗಿಸುವ ಸ್ವಿಚ್ಚು ಸಹ ಹೆಚ್ಚುಕಡಿಮೆ ಇದೇ ರೂಪದ್ದು. ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ಅವಸರದ ಕೆಲಸದಲ್ಲಿ ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ಫಜೀತಿ ಪಡುವುದೂ ಉಂಟು.

ಹಿಂದಿನ ಲಾರಿಗಳಲ್ಲಿ ಇಂತಹ ಸ್ವಿಚ್ಚು ಕೆಟ್ಟರೆ ದೀಪವೊಂದು ಉರಿಯದೇ ಹೋಗುತ್ತಿತ್ತೇ ವಿನಾ ಗಾಡಿ ನಿಲ್ಲುತ್ತಿರಲಿಲ್ಲ. ಈಗಿನ ಪರಿಸ್ಥಿತಿಯೇ ಬೇರೆ. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 4, ನಂತರ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡಗಳು ಜಾರಿಗೆ ಬಂದ ಮೇಲೆ ಭಾರೀ ವಾಹನಗಳ ಎಂಜಿನ್ನು ಸಂಪೂರ್ಣವಾಗಿ ವಿದ್ಯುನ್ಮಾನ ನಿಯಂತ್ರಣ ಘಟಕದ ಅಧೀನಕ್ಕೆ ಬಂದಿದೆ. ಗಿಯರು ತಟಸ್ಥ ಸ್ಥಿತಿಯಲ್ಲಿದೆಯೇ ಇಲ್ಲವೇ ಎಂಬ ಮಾಹಿತಿ ಆ ಘಟಕಕ್ಕೆ ಹಲವು ಕಾರಣಗಳಿಗಾಗಿ ಬೇಕು. ಸ್ಟಾರ್ಟರ್ ಮೋಟಾರಿಗೆ ಅನುಮತಿ ನೀಡುವುದು, ನಿಂತಲ್ಲಿ ಎಂಜಿನ್ನಿನ ವೇಗವನ್ನು ಹದದಲ್ಲಿಡುವುದು, ಟಿಪ್ಪರುಗಳಲ್ಲಿ ಹೈಡ್ರಾಲಿಕ್ ಪಂಪಿಗೆ ಶಕ್ತಿ ಕೊಡುವುದು ಇವೆಲ್ಲ ಹಲವು ಮಾದರಿಗಳಲ್ಲಿ ಈ ಒಂದು ಸಂಕೇತವನ್ನು ಅವಲಂಬಿಸಿವೆ. ಸಂಕೇತ ಬಾರದಿದ್ದರೆ ಘಟಕವು ಗಾಡಿ ಗಿಯರಿನಲ್ಲಿದೆ ಎಂದೇ ಭಾವಿಸುತ್ತದೆ. ಕೀಲಿ ತಿರುಗಿಸಿದರೂ ಎಂಜಿನ್ನು ಮಿಸುಕುವುದಿಲ್ಲ. ಸುರಕ್ಷತೆಯ ದೃಷ್ಟಿಯಿಂದ ಇದು ಸರಿಯಾದ ವ್ಯವಸ್ಥೆಯೇ ಆಗಿದೆ. ಆದರೆ ಚಾಲಕನ ಪಾಲಿಗೆ ಇರುವುದು ಒಂದೇ ದೂರು: ‘ಗಾಡಿ ಸೆಲ್ಫ್ ತಗೊಳ್ತಿಲ್ಲ’.

ಈ ಒಂದು ವಾಕ್ಯದಿಂದ ಖರ್ಚಿನ ಸರಮಾಲೆ ಆರಂಭವಾಗುತ್ತದೆ. ನನ್ನ ಪರಿಚಯದ ಮಾಲೀಕರೊಬ್ಬರ ಲಾರಿ ಬೆಳಗಾವಿಯ ಫೌಂಡ್ರಿಯಿಂದ ಎರಕದ ಭಾಗಗಳನ್ನು ಹೊತ್ತು ಹೊಸೂರಿನ ಕಡೆಗೆ ಹೊರಟಿತ್ತು. ಹಿರಿಯೂರಿನ ಸಮೀಪ ಊಟಕ್ಕೆಂದು ನಿಲ್ಲಿಸಿದ ಗಾಡಿ ಮತ್ತೆ ಹೊರಡಲಿಲ್ಲ. ಮೊದಲು ಬಂದವರು ಬ್ಯಾಟರಿ ದುರ್ಬಲವಾಗಿದೆ ಎಂದರು. ಹೊಸ ಜೋಡಿ ಬ್ಯಾಟರಿ ಬಂತು. ಫಲವಿಲ್ಲ. ಸ್ಟಾರ್ಟರ್ ಮೋಟಾರನ್ನು ಕಳಚಿ ಚಿತ್ರದುರ್ಗಕ್ಕೆ ಒಯ್ದು ಬುಷ್ಷು ಬದಲಾಯಿಸಿ ತಂದರು. ಅದರಿಂದಲೂ ಫಲವಿಲ್ಲ. ರಿಲೇ ಬದಲಾಯಿತು. ಎರಡನೆಯ ದಿನದ ಸಂಜೆ ಬಂದ ಹಿರಿಯ ಕೆಲಸಗಾರರೊಬ್ಬರು ನ್ಯೂಟ್ರಲ್ ಸ್ವಿಚ್ಚಿನ ತಂತಿಯ ಸಂಪರ್ಕವನ್ನು ಬಿಚ್ಚಿ ನೋಡಿದರೆ ಅದರೊಳಗೆ ಗಿಯರ್ ಎಣ್ಣೆ ತುಂಬಿಕೊಂಡಿತ್ತು. ಸ್ವಿಚ್ಚಿನ ಒಳಗಿನ ಮುದ್ರೆ ಸವೆದು, ಎಣ್ಣೆಯು ಕಡ್ಡಿಯ ಪಕ್ಕದಿಂದ ಮೇಲೇರಿ ಹಿತ್ತಾಳೆಯ ತುದಿಗಳನ್ನು ಮುಟ್ಟಿತ್ತು. ಸ್ವಿಚ್ಚು ಬದಲಾಯಿಸಲು ಬೇಕಾದ ಸಮಯ ಅರ್ಧ ಗಂಟೆ. ಅದನ್ನು ಕಂಡುಹಿಡಿಯಲು ತಗುಲಿದ್ದು ಎರಡು ದಿನ.

ಈ ಎರಡು ದಿನಗಳ ಬೆಲೆಯನ್ನು ವರ್ತಕರ ಲೆಕ್ಕದಲ್ಲಿ ನೋಡೋಣ. ತಿಂಗಳಿಗೆ 60,000 ರೂಪಾಯಿ ಸಾಲದ ಕಂತು ಇರುವ ಲಾರಿ ಎಂದುಕೊಂಡರೆ, ನಿಂತ ದಿನವೊಂದಕ್ಕೆ ಕಂತಿನ ಬಾಬ್ತಿನಲ್ಲೇ 2,000 ರೂಪಾಯಿ ಹೋಯಿತು. ವಿಮೆ, ತೆರಿಗೆ, ಚಾಲಕರ ಬತ್ತೆ ಬೇರೆ. ಬೇಡವಾಗಿದ್ದ ಬ್ಯಾಟರಿ ಮತ್ತು ಮೋಟಾರು ಕೆಲಸದ ಖರ್ಚು ಬೇರೆ. ಇದು ಲಾರಿ ಮಾಲೀಕನ ಪಾಲು. ಸರಕು ಕಳುಹಿಸಿದವರಿಗೂ ಪಾಲು ತಪ್ಪಿದ್ದಲ್ಲ. 2021ರ ಜನವರಿ 1ರಿಂದ ಇ-ವೇ ಬಿಲ್ಲಿನ ಸಿಂಧುತ್ವವನ್ನು ಪ್ರತಿ 200 ಕಿಲೋಮೀಟರಿಗೆ ಒಂದು ದಿನ ಎಂದು ನಿಗದಿಪಡಿಸಲಾಗಿದೆ. ಅದಕ್ಕೆ ಮೊದಲು ಪ್ರತಿ 100 ಕಿಲೋಮೀಟರಿಗೆ ಒಂದು ದಿನ ಇತ್ತು. ಬೆಳಗಾವಿಯಿಂದ ಹೊಸೂರಿಗೆ ಸುಮಾರು 540 ಕಿಲೋಮೀಟರು ಎಂದರೆ ಮೂರು ದಿನಗಳ ಅವಕಾಶ. ಲೋಡಾಗುವುದು ಒಂದು ದಿನ ತಡವಾಗಿ, ದಾರಿಯಲ್ಲಿ ಎರಡು ದಿನ ಗಾಡಿ ನಿಂತರೆ ಅವಧಿ ಮುಗಿಯುತ್ತದೆ. ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ನಂತರದವರೆಗೆ ವಿಸ್ತರಣೆಗೆ ಅವಕಾಶವಿದೆಯಾದರೂ, ರಾತ್ರಿ ಎರಡು ಗಂಟೆಗೆ ಹೆದ್ದಾರಿಯಲ್ಲಿರುವ ಚಾಲಕನಿಗೆ ಅದನ್ನು ನೆನಪಿಸುವವರು ಯಾರು? ಮರೆತು ಮುಂದೆ ಸಾಗಿ ತಪಾಸಣೆಗೆ ಸಿಕ್ಕಿದರೆ ಸರಕು ಸೇವಾ ತೆರಿಗೆ ಕಾಯಿದೆಯ 129ನೆಯ ಕಲಮಿನಂತೆ ತೆರಿಗೆಯ ಶೇಕಡಾ 200ರಷ್ಟು ದಂಡ ಕಾದಿರುತ್ತದೆ. ಒಂದು ಸವೆದ ಮುದ್ರೆಯಿಂದ ಆರಂಭವಾದದ್ದು ಎಲ್ಲಿಯವರೆಗೆ ಬೆಳೆಯಬಹುದೆಂಬುದನ್ನು ಲೆಕ್ಕಪತ್ರ ಬರೆಯುವವರು ಗಮನಿಸಲಿ.

ನಷ್ಟಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಹೊಸ ಸ್ವಿಚ್ಚು ಸಿಗದಿದ್ದಾಗ ಅಥವಾ ತರಿಸುವ ತಾಳ್ಮೆ ಇಲ್ಲದಿದ್ದಾಗ, ಎರಡು ತಂತಿಗಳನ್ನು ಒಂದಕ್ಕೊಂದು ಹೆಣೆದು, ಟೇಪು ಸುತ್ತಿ ಗಾಡಿಯನ್ನು ಕಳುಹಿಸುವ ಪದ್ಧತಿ ನಮ್ಮ ಹೆದ್ದಾರಿಗಳ ಉದ್ದಕ್ಕೂ ಇದೆ. ಗಾಡಿ ಕೂಡಲೇ ಚಾಲೂ ಆಗುತ್ತದೆ. ಕೆಲಸಗಾರನಿಗೆ ಹೆಸರೂ ಬರುತ್ತದೆ. ಆದರೆ ಅಂದಿನಿಂದ ಆ ಲಾರಿಯ ನಿಯಂತ್ರಣ ಘಟಕಕ್ಕೆ ಗಾಡಿ ಸದಾ ನ್ಯೂಟ್ರಲಿನಲ್ಲಿಯೇ ಇರುವಂತೆ ತೋರುತ್ತದೆ. ಮೊದಲ ಗಿಯರಿನಲ್ಲಿ ನಿಲ್ಲಿಸಿದ ಲಾರಿಯ ಕೀಲಿಯನ್ನು ಯಾರಾದರೂ ತಿರುಗಿಸಿದರೆ, ಸ್ಟಾರ್ಟರ್ ಮೋಟಾರಿನ ಬಲವೊಂದೇ ಗಾಡಿಯನ್ನು ಮುಂದಕ್ಕೆ ಜಿಗಿಸಬಲ್ಲದು; ಡೀಸೆಲ್ ಎಂಜಿನ್ನು ಹತ್ತಿಕೊಂಡರಂತೂ ನಿಲ್ಲಿಸುವುದು ಕಷ್ಟ. ಗೋದಾಮಿನ ಕಟ್ಟೆಗೂ ಲಾರಿಗೂ ನಡುವೆ ಹಮಾಲರು ನಿಂತಿರುವ, ಕ್ಲೀನರ್ ಹುಡುಗ ಚಕ್ರದ ಬಳಿ ಕುಳಿತು ಗಾಳಿ ನೋಡುತ್ತಿರುವ ಹೊತ್ತನ್ನು ಸದಸ್ಯರು ಕಣ್ಣ ಮುಂದೆ ತಂದುಕೊಳ್ಳಬೇಕು. ಟ್ರ್ಯಾಕ್ಟರುಗಳಲ್ಲಿ ಸ್ಟಾರ್ಟರಿನ ತುದಿಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಎಂಜಿನ್ನು ಹತ್ತಿಸಲು ಹೋಗಿ, ಗಿಯರಿನಲ್ಲಿದ್ದ ಯಂತ್ರವೇ ಮೈಮೇಲೆ ಹರಿದು ಪ್ರಾಣ ಕಳೆದುಕೊಳ್ಳುವ ಅಪಘಾತಗಳು ಲೋಕವಿದಿತ. ತಂತಿ ಹೆಣೆದ ಲಾರಿಯೂ ಅದೇ ವರ್ಗಕ್ಕೆ ಸೇರುತ್ತದೆ. ಅಪಘಾತವಾದಾಗ ವಿಮಾ ಸಮೀಕ್ಷಕರು ಈ ತಂತಿಯನ್ನು ಕಂಡರೆ ಪ್ರಶ್ನೆ ಎತ್ತುವುದು ಸಹಜ. ಪ್ರಶ್ನೆಗೆ ಉತ್ತರಿಸಬೇಕಾದವನು ಟೇಪು ಸುತ್ತಿದ ಕೆಲಸಗಾರನಲ್ಲ, ಮಾಲೀಕ.

ಹೀಗಾದರೆ ತಪ್ಪು ಕೆಲಸಗಾರನದೇ ಎಂದು ನಿರ್ಣಯಿಸುವವರೊಂದಿಗೆ ನನ್ನ ಸಹಮತವಿಲ್ಲ. ಅವನ ಕೈಗೆ ನಾವು ಏನನ್ನು ಕೊಟ್ಟಿದ್ದೇವೆ ಎಂಬುದನ್ನು ವಿಚಾರಿಸಬೇಕು. ಇಂದಿನ ಭಾರೀ ವಾಹನಗಳಲ್ಲಿ ಘಟಕಗಳು ಪರಸ್ಪರ ಮಾತನಾಡಲು ಜೆ1939 ಎಂಬ ಅಂತರರಾಷ್ಟ್ರೀಯ ಶಿಷ್ಟಪದ್ಧತಿ ಬಳಕೆಯಲ್ಲಿದೆ. ಅದರಂತೆ ದೋಷ ಸಂಕೇತವು ಎರಡು ಸಂಖ್ಯೆಗಳಿಂದ ಕೂಡಿರುತ್ತದೆ: ಮೊದಲನೆಯದು ಯಾವ ಅಂಶದಲ್ಲಿ ದೋಷವಿದೆ ಎಂಬುದನ್ನೂ, ಎರಡನೆಯದು ದೋಷದ ಬಗೆಯನ್ನೂ ತಿಳಿಸುತ್ತದೆ. ಎರಡನೆಯ ಸಂಖ್ಯೆ 3 ಇದ್ದರೆ ವೋಲ್ಟೇಜು ಮಿತಿಗಿಂತ ಹೆಚ್ಚು, 4 ಇದ್ದರೆ ಮಿತಿಗಿಂತ ಕಡಿಮೆ, 5 ಇದ್ದರೆ ಮಂಡಲ ಎಲ್ಲೋ ಕಡಿದಿದೆ ಎಂದರ್ಥ. ಗಮನಿಸಬೇಕಾದ ವಿಷಯವೆಂದರೆ, ಸಂಕೇತವು ಹೇಳುವುದು ಮಂಡಲದ ಬಗ್ಗೆಯೇ ಹೊರತು ಬಿಡಿಭಾಗದ ಬಗ್ಗೆ ಅಲ್ಲ. 5 ಎಂದು ಬಂದಾಗ ಸ್ವಿಚ್ಚು ಕೆಟ್ಟಿರಬಹುದು, ಅಡಿಚೌಕಟ್ಟಿಗೆ ಉಜ್ಜಿ ತಂತಿ ಹರಿದಿರಬಹುದು, ಸಂಪರ್ಕದಲ್ಲಿ ತುಕ್ಕು ಹಿಡಿದಿರಬಹುದು. ಮಲ್ಟಿಮೀಟರ್ ಹಿಡಿದು, ಗಿಯರ್ ಸನ್ನೆಯನ್ನು ಆಡಿಸುತ್ತ, ಸ್ವಿಚ್ಚಿನ ಎರಡು ತುದಿಗಳ ನಡುವೆ ಸಂಪರ್ಕ ಬಂದು ಹೋಗುತ್ತಿದೆಯೇ ಎಂದು ಪರೀಕ್ಷಿಸಿದರೆ ಹತ್ತು ನಿಮಿಷದಲ್ಲಿ ತೀರ್ಪು ಸಿಗುತ್ತದೆ. ಆದರೆ ಪರೀಕ್ಷಿಸಬೇಕಾದ ಸ್ಥಳ ಯಾವುದೆಂದು ತಿಳಿಯಲು ಸಂಕೇತವನ್ನು ಓದುವ ಉಪಕರಣವೂ, ತಂತಿಗಳ ನಕ್ಷೆಯೂ ಬೇಕು. ಹಲವು ತಯಾರಕರು ಇವೆರಡನ್ನೂ ತಮ್ಮ ಅಧಿಕೃತ ಸೇವಾ ಕೇಂದ್ರಗಳಿಗೆ ಮಾತ್ರ ಮೀಸಲಿಟ್ಟಿದ್ದಾರೆ. ದಾರಿಬದಿಯ ಕೆಲಸಗಾರನು ಊಹೆಯ ಮೇಲೆ ಕೆಲಸ ಮಾಡುತ್ತಾನೆ. ಊಹೆಯಲ್ಲಿ ಬ್ಯಾಟರಿಯೇ ಮೊದಲು ಬರುತ್ತದೆ.

ಬದಲಾಯಿಸುವ ಕೆಲಸದಲ್ಲಿಯೂ ತಿಳಿವಳಿಕೆ ಬೇಕಾಗುತ್ತದೆ ಎಂಬುದನ್ನು ಇಲ್ಲಿಯೇ ಸೇರಿಸುತ್ತೇನೆ. ಸ್ವಿಚ್ಚಿನ ಕೆಳಗಿರುವ ತಾಮ್ರದ ಬಳೆಯ ದಪ್ಪವು ಕಡ್ಡಿ ಎಷ್ಟು ಒಳಗೆ ಚಾಚಬೇಕು ಎಂಬುದನ್ನು ನಿರ್ಧರಿಸುತ್ತದೆ. ಕೈಗೆ ಸಿಕ್ಕ ಬಳೆ ಹಾಕಿದರೆ ಹೊಸ ಸ್ವಿಚ್ಚೂ ಒಮ್ಮೆ ಕೆಲಸ ಮಾಡಿ ಇನ್ನೊಮ್ಮೆ ಕೈಕೊಡುತ್ತದೆ. ಅಲ್ಯೂಮಿನಿಯಂ ಮುಚ್ಚಳಕ್ಕೆ ಅತಿಯಾಗಿ ಬಿಗಿದರೆ ಮರೆ ಹಾಳಾಗಿ, ನೂರು ರೂಪಾಯಿಯ ಕೆಲಸ ಮುಚ್ಚಳ ಬದಲಾಯಿಸುವ ಕೆಲಸವಾಗುತ್ತದೆ. ಕೂರಿಸುವ ಮುನ್ನ ಸುತ್ತಲಿನ ಮಣ್ಣನ್ನು ಒರೆಸದಿದ್ದರೆ ಅದು ನೇರವಾಗಿ ಗಿಯರ್ ಪೆಟ್ಟಿಗೆಯ ಒಳಗೆ ಬೀಳುತ್ತದೆ. ಎಣ್ಣೆಯಲ್ಲಿ ನೆನೆದ ಸಂಪರ್ಕವನ್ನು ಶುಚಿಗೊಳಿಸದೆ ಹೊಸ ಸ್ವಿಚ್ಚನ್ನು ಸಿಕ್ಕಿಸಿದರೆ ತೊಂದರೆ ತಿಂಗಳೊಳಗೆ ಮರುಕಳಿಸುತ್ತದೆ. ಇವು ಯಾವುವೂ ರಾಕೆಟ್ ವಿದ್ಯೆಯಲ್ಲ. ಆದರೆ ಯಾರಾದರೂ ಹೇಳಿಕೊಡಬೇಕು.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ಹೇಗೆ ಎದುರಿಸಿದ್ದಾರೆ ಎಂಬುದನ್ನು ನೋಡುವುದು ಉಪಯುಕ್ತ. ಅಮೆರಿಕದಲ್ಲಿ 2001ರಿಂದ ಜನರಲ್ ಮೋಟಾರ್ಸ್ ಸಂಸ್ಥೆಯ ಡ್ಯುರಾಮ್ಯಾಕ್ಸ್ ಡೀಸೆಲ್ ಪಿಕಪ್ ಗಾಡಿಗಳಿಗೆ ಆಲಿಸನ್ ಸ್ವಯಂಚಾಲಿತ ಗಿಯರ್ ಪೆಟ್ಟಿಗೆ ಬಂತು. ಅದರಲ್ಲಿಯೂ ಗಿಯರ್ ಸ್ಥಾನವನ್ನು ತಿಳಿಸುವ ಸ್ವಿಚ್ಚು ಪೆಟ್ಟಿಗೆಯ ಹೊರಮೈಯಲ್ಲಿದ್ದು, ನೀರು ಮತ್ತು ಕೊಳೆಯಿಂದ ಕೆಡುವುದುಂಟು. ಅಲ್ಲಿನ ಮಾಲೀಕರಲ್ಲಿ ಅನೇಕರು ಬಿಡಿಭಾಗವನ್ನು ಅಂಗಡಿಯಿಂದ ತಂದು ಮನೆಯಂಗಳದಲ್ಲೇ ಬದಲಾಯಿಸಿಕೊಳ್ಳುತ್ತಾರೆ. ಅವರು ನಮಗಿಂತ ಜಾಣರೆಂದಲ್ಲ; ಬಿಡಿಭಾಗದ ಸಂಖ್ಯೆ, ಸಂಕೇತದ ಅರ್ಥ, ಬಿಚ್ಚುವ ಕ್ರಮ ಇವೆಲ್ಲ ಅವರಿಗೆ ಸುಲಭವಾಗಿ ದೊರೆಯುತ್ತವೆ. 2012ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ದುರಸ್ತಿಯ ಹಕ್ಕಿನ ಕಾನೂನನ್ನು ತಂದಿತು. ಭಾರೀ ವಾಹನಗಳ ವಿಷಯದಲ್ಲಿ 2015ರಲ್ಲಿ ತಯಾರಕರ ಸಂಘ ಮತ್ತು ಸ್ವತಂತ್ರ ದುರಸ್ತಿದಾರರ ಸಂಘಗಳ ನಡುವೆ ತಿಳಿವಳಿಕೆ ಒಪ್ಪಂದವೇ ಆಯಿತು.

ನಮ್ಮಲ್ಲಿ ಪ್ರಯತ್ನಗಳು ಆಗಿಲ್ಲವೆಂದು ಹೇಳಲಾಗದು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು 14 ಕಾರು ತಯಾರಕ ಸಂಸ್ಥೆಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಮುಕ್ತ ಮಾರುಕಟ್ಟೆಯಲ್ಲಿ ದೊರಕಿಸಬೇಕೆಂದು ಆದೇಶಿಸಿತು. ಹೊರಗಿನ ಗ್ಯಾರೇಜಿನಲ್ಲಿ ದುರಸ್ತಿ ಮಾಡಿಸಿದ ಮಾತ್ರಕ್ಕೆ ಸಾರಾಸಗಟಾಗಿ ವಾರಂಟಿ ರದ್ದು ಮಾಡುವಂತಿಲ್ಲ ಎಂಬುದೂ ಆ ಆದೇಶದಲ್ಲಿತ್ತು. ಪ್ರಕರಣ ಮೇಲ್ಮನವಿಗಳ ಹಾದಿ ಹಿಡಿಯಿತು. ಅಲ್ಲದೆ ಅದು ಕಾರುಗಳ ಪ್ರಕರಣ; ಲಾರಿಗಳನ್ನು ಕುರಿತದ್ದಲ್ಲ. 2022ರ ಜುಲೈಯಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿನ ಚೌಕಟ್ಟಿಗಾಗಿ ಸಮಿತಿ ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆಗೆ ವಾಹನ ಕ್ಷೇತ್ರವನ್ನೂ ಅದರ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಲತಾಣವೂ ಆರಂಭವಾಯಿತು. ಆಸಕ್ತರು ನೋಡಬಹುದು. ಆದರೆ ತಯಾರಕರ ಸ್ವಯಂಪ್ರೇರಿತ ಸಹಕಾರವನ್ನು ನೆಚ್ಚಿದ ವ್ಯವಸ್ಥೆಯಿಂದ ಹಿರಿಯೂರಿನ ಕೆಲಸಗಾರನ ಕೈಗೆ ತಂತಿ ನಕ್ಷೆ ಬರುತ್ತದೆಂದು ನಾನು ಭಾವಿಸುವುದಿಲ್ಲ.

ತಯಾರಕರ ವಾದದಲ್ಲಿ ಹುರುಳಿಲ್ಲವೆಂದೂ ಹೇಳಲಾರೆ. ನಿಯಂತ್ರಣ ಘಟಕವನ್ನು ಎಲ್ಲರಿಗೂ ತೆರೆದಿಟ್ಟರೆ ಹೊಗೆ ನಿಯಂತ್ರಣದ ವ್ಯವಸ್ಥೆಯನ್ನೇ ನಿಷ್ಕ್ರಿಯಗೊಳಿಸುವವರು ಹುಟ್ಟಿಕೊಳ್ಳುತ್ತಾರೆ. ಹಾಗೆ ಮಾಡಿಸುವ ಮಾಲೀಕರಿಗೂ ಕೊರತೆಯಿಲ್ಲ. ಈ ಆತಂಕ ನ್ಯಾಯವಾದದ್ದು. ಆದರೆ ಘಟಕದಲ್ಲಿ ಬರೆದಿರುವುದನ್ನು ಓದುವುದು ಬೇರೆ, ಅದನ್ನು ತಿದ್ದುವುದು ಬೇರೆ. ತಿದ್ದುವ ಅಧಿಕಾರ ಅಧಿಕೃತ ಕೇಂದ್ರಗಳಲ್ಲೇ ಉಳಿಯಲಿ. ಓದುವ ಅಧಿಕಾರ, ಸ್ವಿಚ್ಚು ಹಾಗೂ ಸೆನ್ಸರುಗಳ ಬಿಡಿಭಾಗ ಸಂಖ್ಯೆ, ತಂತಿಗಳ ನಕ್ಷೆ ಇಷ್ಟನ್ನು ಮುಕ್ತಗೊಳಿಸಿದರೆ ಯಾವ ತಯಾರಕರ ವ್ಯಾಪಾರ ರಹಸ್ಯವೂ ಬಯಲಾಗದು. ನಮ್ಮ ಸಂಸ್ಥೆಯು ಇಷ್ಟಕ್ಕೆ ಸೀಮಿತವಾದ ಬೇಡಿಕೆಯನ್ನು ರಾಜ್ಯದ ಸಾರಿಗೆ ಇಲಾಖೆಯ ಮೂಲಕವೂ ನೇರವಾಗಿಯೂ ಕೇಂದ್ರಕ್ಕೆ ಸಲ್ಲಿಸುವುದು ಸೂಕ್ತ. ಬೇಡಿಕೆ ಚಿಕ್ಕದಾದಷ್ಟೂ ಅದನ್ನು ನಿರಾಕರಿಸುವುದು ಕಷ್ಟ.

ಬಿಡಿಭಾಗದ ಸಂಖ್ಯೆಯ ವಿಷಯವನ್ನು ಹಗುರವಾಗಿ ಕಾಣಬಾರದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ಅದೇ. ಸಂಖ್ಯೆ ಗೊತ್ತಿಲ್ಲದಿದ್ದರೆ ಹಳೆಯದನ್ನು ತೋರಿಸಿ ಹೋಲುವುದನ್ನು ಕೊಳ್ಳಬೇಕು. ಮರೆ ಹೊಂದಿತು, ತಂತಿಯೂ ಕೂತಿತು. ಆದರೆ ಒಂದು ಸ್ವಿಚ್ಚು ಒತ್ತಿದಾಗ ಮುಚ್ಚಿಕೊಳ್ಳುವಂಥದು, ಇನ್ನೊಂದು ಒತ್ತಿದಾಗ ತೆರೆದುಕೊಳ್ಳುವಂಥದು. ಹೊರನೋಟಕ್ಕೆ ತಿಳಿಯುವುದಿಲ್ಲ. ಅಸಲಿಯ ಹಾಗೇ ಕಾಣುವ ನಕಲಿ ಸ್ವಿಚ್ಚುಗಳು ಪೇಟೆಯಲ್ಲಿ ಹಬ್ಬಲು ಈ ಅಸ್ಪಷ್ಟತೆಯೇ ಅನುಕೂಲ ಮಾಡಿಕೊಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಏಕರೂಪದ ತೆರಿಗೆ ದರ ಜಾರಿಗೆ ಬಂದಿರುವುದರಿಂದ, ಬಿಲ್ಲಿಲ್ಲದ ಮಾಲನ್ನು ಅಗ್ಗವೆಂದು ಕೊಳ್ಳಲು ಇದ್ದ ನೆಪವೂ ಕಡಿಮೆಯಾಗಿದೆ.

ತರಬೇತಿಯ ವಿಷಯದಲ್ಲಿ ಸರ್ಕಾರವನ್ನು ಕಾಯಬೇಕಾಗಿಲ್ಲ. ನಮ್ಮ ರಾಜ್ಯದಲ್ಲಿ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಲಾಗಿದೆ. ಗಿಯರ್ ಪೆಟ್ಟಿಗೆಗಳನ್ನು ತಯಾರಿಸಿ ಹೊರದೇಶಗಳಿಗೆ ಕಳುಹಿಸುವ ಕಾರ್ಖಾನೆ ಬಿಡದಿಯಲ್ಲಿದೆ. ಡೀಸೆಲ್ ಪಂಪಿನ ಬಾಷ್ ಸಂಸ್ಥೆ, ಹಳಬರ ಬಾಯಲ್ಲಿ ಈಗಲೂ ಮೈಕೋ, 1951ರಿಂದ ನಮ್ಮ ನಡುವೆ ಇದೆ. ವೋಲ್ವೋ ಲಾರಿಗಳು 1998ರಿಂದ ಹೊಸಕೋಟೆಯಲ್ಲಿ ತಯಾರಾಗುತ್ತಿವೆ. ಇಷ್ಟೆಲ್ಲ ಇರುವ ನಾಡಿನಲ್ಲಿ ಹೆದ್ದಾರಿಯ ಕೆಲಸಗಾರನಿಗೆ ಎರಡು ದಿನದ ತರಬೇತಿ ಏರ್ಪಡಿಸಲಾಗದು ಎಂದರೆ ನಂಬುವುದು ಕಷ್ಟ. ಮಲ್ಟಿಮೀಟರಿನ ಬಳಕೆ, ದೋಷ ಸಂಕೇತದ ಎರಡು ಸಂಖ್ಯೆಗಳ ಅರ್ಥ, ಸ್ವಿಚ್ಚು ಮತ್ತು ತಂತಿಗಳ ಪರೀಕ್ಷೆ ಇಷ್ಟನ್ನು ಕನ್ನಡದಲ್ಲಿ ಕಲಿಸಬೇಕು, ಕನ್ನಡದಲ್ಲಿ ಅಚ್ಚು ಹಾಕಿದ ಹಾಳೆಯನ್ನೂ ಕೊಡಬೇಕು. ಪ್ರಾರಂಭಕ್ಕೆ ಹಳೆಯ ರಾಷ್ಟ್ರೀಯ ಹೆದ್ದಾರಿ 4, ಈಗಿನ 48ರ ಉದ್ದಕ್ಕೂ ಇರುವ ಶಿರಾ, ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಗ್ಯಾರೇಜುಗಳನ್ನು ಆಯ್ದುಕೊಂಡರೆ ಸಾಕು. ಹತ್ತು ಲಾರಿಗಿಂತ ಹೆಚ್ಚು ಉಳ್ಳ ಸದಸ್ಯರು ಇದರ ವೆಚ್ಚದಲ್ಲಿ ಪಾಲ್ಗೊಳ್ಳಲು ಹಿಂಜರಿಯಲಾರರೆಂದು ನನ್ನ ನಂಬಿಕೆ. ದೊಡ್ಡ ಸಾಗಣೆ ಸಂಸ್ಥೆಗಳು ಸ್ವಂತ ದುರಸ್ತಿ ಘಟಕಗಳನ್ನು ಇಟ್ಟುಕೊಂಡು ಈ ತೊಂದರೆಯಿಂದ ಬಹುಮಟ್ಟಿಗೆ ಪಾರಾಗಿವೆ. ಒಂದೆರಡು ಲಾರಿಯ ಮಾಲೀಕನಿಗೆ ಆ ಅನುಕೂಲವಿಲ್ಲ.

ಅಲ್ಲಿಯವರೆಗೆ ಪ್ರತಿಯೊಬ್ಬ ಮಾಲೀಕನೂ ಇಂದೇ ಮಾಡಬಹುದಾದದ್ದು ಒಂದಿದೆ. ತನ್ನ ಲಾರಿಯ ಮಾದರಿಗೆ ಹೊಂದುವ ನ್ಯೂಟ್ರಲ್ ಸ್ವಿಚ್ಚು ಒಂದು, ರಿವರ್ಸ್ ಸ್ವಿಚ್ಚು ಒಂದು, ಅವುಗಳ ತಾಮ್ರದ ಬಳೆಗಳು, ಸ್ಟಾರ್ಟರ್ ರಿಲೇ, ಕೆಲವು ಫ್ಯೂಸುಗಳು ಇವನ್ನು ಪೆಟ್ಟಿಗೆಯೊಂದರಲ್ಲಿ ಹಾಕಿ ಕ್ಯಾಬಿನ್ನಿನಲ್ಲಿಡಬೇಕು. ಪೆಟ್ಟಿಗೆಯ ಮುಚ್ಚಳದ ಒಳಗೆ ಬಿಡಿಭಾಗಗಳ ಸಂಖ್ಯೆಯನ್ನು ಬರೆದು ಅಂಟಿಸಬೇಕು. ತಂತಿ ಹೆಣೆದು ಗಾಡಿ ಓಡಿಸಕೂಡದೆಂದು ಚಾಲಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ಓಡಿಸದೆ ತಡವಾದರೆ ಅವನನ್ನು ಗದರಿಸಬಾರದು. ಇಷ್ಟಕ್ಕೂ ತಗುಲುವ ಖರ್ಚು ಒಂದು ಟೈರಿನ ಬೆಲೆಯನ್ನು ಮುಟ್ಟುವುದಿಲ್ಲ. ಆ ಖರ್ಚು ಮಾಲೀಕನ ಖಾತೆಗೆ ಬೀಳಬೇಕೇ ಹೊರತು, ಪೆಟ್ಟಿಗೆಯಿಂದ ಸ್ವಿಚ್ಚು ತೆಗೆದು ಬಳಸಿದ್ದಕ್ಕಾಗಿ ಚಾಲಕನ ಬತ್ತೆಯಿಂದ ಮುರಿದುಕೊಳ್ಳುವ ಪರಿಪಾಠ ಬೇಡ. ಮುರಿದುಕೊಂಡರೆ ಮುಂದಿನ ಸಲ ಪೆಟ್ಟಿಗೆ ತೆರೆಯುವುದಿಲ್ಲ, ತಂತಿಯೇ ಹೆಣೆಯಲ್ಪಡುತ್ತದೆ.